ಕತ್ತರಿಸುವುದು ಆ ಕೆಂಪು ಚುಕ್ಕೆಯಲ್ಲ

ಪ್ರಶ್ನೆ: ಸರ್, ನಮ್ಮ ಬಾರಾಮತಿಯ ಕುಮಾರ್ ಪಟೇಲ್ ಕಂಡುಹಿಡಿದ ಲೇಸರ್ ಅಂದರೆ, ಪುಣೆ ಪಕ್ಕದ ಭೋಸರಿಯ ವರ್ಕ್‌ಶಾಪ್‌ಗಳಲ್ಲಿ ಅಕ್ರಿಲಿಕ್ ಕತ್ತರಿಸುವ ಕೆಂಪು ಬೆಳಕೇ ಅಲ್ವಾ?

ಯಂತ್ರ ಸರಿ, ಕೆಂಪು ಬೆಳಕು ತಪ್ಪು. ಗಣಪತಿ ಹಬ್ಬಕ್ಕೆ ಪುಣೆಯ ಕನ್ನಡದವರು ಸೇರಿದಾಗಲೂ ಇದೇ ಪ್ರಶ್ನೆ. ಎಷ್ಟನೇ ಸಲವೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಆ ಚುಕ್ಕೆ ಸುಮ್ನೆ ಗುರಿ ತೋರಿಸುವ ಪುಟ್ಟ ಡಯೋಡ್. ಅದರ ಶಕ್ತಿ ಹೆಚ್ಚೆಂದರೆ 5 ಮಿಲಿವ್ಯಾಟ್ ಆಸುಪಾಸು. ಕತ್ತರಿಸುವ ಲೇಸರ್ ಹೊರಡುವ, ಅನಿಲ ತುಂಬಿದ ಟ್ಯೂಬ್ 80 ವ್ಯಾಟಿನದು ಅಂತಿಟ್ಟುಕೊಳ್ಳಿ, 16,000 ಪಟ್ಟು ಜಾಸ್ತಿ! ನಂಬಿಕೆ ಬರದಿದ್ದರೆ ಡಯೋಡಿನ ವೈರ್ ಬಿಚ್ಚಿಸಿ ನೋಡಿ. ಅಕ್ರಿಲಿಕ್ ಆರಾಮಾಗಿ ತುಂಡಾಗುತ್ತದೆ. ಪಟೇಲರ ಕಾರ್ಬನ್ ಡೈಆಕ್ಸೈಡ್ ಲೇಸರಿನ ಅಲೆಯುದ್ದ 10.6 ಮೈಕ್ರಾನ್ (ಮಿಲಿಮೀಟರಿನ ಸಾವಿರದೊಂದು ಭಾಗಕ್ಕೆ ಒಂದು ಮೈಕ್ರಾನ್). ನಮ್ಮ ಕಣ್ಣಿನ ಆಟ 0.7ರ ಹತ್ತಿರವೇ ಮುಗಿಯುತ್ತದೆ, ಹಾಗಾಗಿ ಅದು ಕಾಣುವುದೇ ಇಲ್ಲ.

"ಟ್ಯೂಬಿನೊಳಗೆ ನೇರಳೆ ಬೆಳಕು ಕಂಡೆನಲ್ಲ?" ಅಂತ ಒಬ್ಬರು ಪಟ್ಟು ಹಿಡಿದರು. ಅದು ಕರೆಂಟ್ ಹರಿದಾಗ ಅನಿಲ ಹೊಳೆಯುವುದು. ಕತ್ತರಿಸುವ ಜಾಗದ ಬೆಳಕೋ? ಅದು ಸುಡುತ್ತಿರುವ ವಸ್ತುವಿನದು. ಲೇಸರನ್ನು ನೀವು ನೋಡೇ ಇಲ್ಲ. ಕಾಣದ್ದು ಕಣ್ಣಿಗೇನು ಮಾಡೀತು ಅನ್ನಬೇಡಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ ಸುಡುತ್ತದೆ.

ಇನ್ನು ಪಟೇಲರು. ಪುಣೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಿಎಚ್‌ಡಿ ಮುಗಿಸಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್ ಸೇರಿದರು. 1964ರಲ್ಲಿ ಈ ಲೇಸರನ್ನು ಪ್ರಕಟಿಸಿದರು. ಅವರ ಜಾಣತನ ನೈಟ್ರೋಜನ್ ಬೆರೆಸಿದ್ದರಲ್ಲಿದೆ. ಕರೆಂಟಿನಿಂದ ಶಕ್ತಿ ಪಡೆದ ನೈಟ್ರೋಜನ್, ಡಿಕ್ಕಿ ಹೊಡೆದು ಅದನ್ನು ಕಾರ್ಬನ್ ಡೈಆಕ್ಸೈಡಿಗೆ ದಾಟಿಸುತ್ತದೆ, ಬಾವಿಕಟ್ಟೆಯಲ್ಲಿ ಕೈಯಿಂದ ಕೈಗೆ ಬಿಂದಿಗೆ ದಾಟಿಸಿದ ಹಾಗೆ. 1993ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಪ್ರೊಫೆಸರ್ ಆದರು. 2000ದಲ್ಲಿ ಪ್ರನಾಲಿಟಿಕಾ ಅನ್ನುವ ಕಂಪನಿ ಕಟ್ಟಿದರು. ಆಗ ಅರವತ್ತು ದಾಟಿತ್ತು. ಅಲ್ಲೂ ಕಣ್ಣಿಗೆ ಕಾಣದ ಲೇಸರುಗಳದ್ದೇ ಕೆಲಸ!

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ಯಂತ್ರದ ಲೆನ್ಸ್ ಯಾಕೆ ಹಳದಿ? ಮಾಮೂಲಿ ಗಾಜಿಗೆ 10.6 ಮೈಕ್ರಾನ್ ಗೋಡೆಗೆ ಬಡಿದಂತೆ, ಒಳಗೆ ಹೋಗುವುದೇ ಇಲ್ಲ. ಅದಕ್ಕೇ ಜಿಂಕ್ ಸೆಲೆನೈಡ್ ಲೆನ್ಸ್ ಹಾಕುತ್ತಾರೆ. ಅದರ ಮೇಲೆ ಬೆರಳಚ್ಚು ಬಿದ್ದರೆ ಕೊಳೆ ಶಾಖ ಹೀರುತ್ತದೆ, ಲೆನ್ಸ್ ಬಿರುಕು ಬಿಡುತ್ತದೆ. ಅಂಗಿಯ ಚುಂಗಿನಿಂದ ಅದನ್ನು ಒರೆಸುವವರನ್ನು ಭೋಸರಿಯಲ್ಲೇ ನೋಡಿದ್ದೇನೆ.