ಡಿಸಿಗ್ನೇಷನ್ ‘ಮ್ಯಾನೇಜರ್’ ಆದರೆ ಎಲ್-1ಎ ಸಿಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ಐದು ವರ್ಷದಿಂದ ಇದ್ದೇನೆ. ಈ ಏಪ್ರಿಲ್‌ನಲ್ಲಿ ಲೀಡ್‌ನಿಂದ ಮ್ಯಾನೇಜರ್ ಆದೆ. ಅಮೆರಿಕದ ಆಫೀಸಿಗೆ ಎಲ್-1ಎ ಮೇಲೆ ಹೋಗಲು ಮ್ಯಾನೇಜರ್ ಆಗಿ ಒಂದು ವರ್ಷ ಮುಗಿಯಲೇಬೇಕಾ?

ಉತ್ತರ: ಬೇಕಾಗಿಲ್ಲ. ಎಲ್-1ಎ ಎಂದರೆ ಕಂಪನಿ ತನ್ನ ವಿದೇಶಿ ಆಫೀಸಿನವರನ್ನು ಮ್ಯಾನೇಜರ್ ಅಥವಾ ಕಾರ್ಯನಿರ್ವಾಹಕ ಹುದ್ದೆಗೆ ಅಮೆರಿಕಕ್ಕೆ ವರ್ಗಾಯಿಸಲು ಇರುವ ವೀಸಾ. ಹಿಂದಿನ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಅಮೆರಿಕದ ಹೊರಗೆ ಅದೇ ಕಂಪನಿಯಲ್ಲೋ ಅದರ ಮಾತೃಸಂಸ್ಥೆ, ಅಂಗಸಂಸ್ಥೆ, ಶಾಖೆಯಲ್ಲೋ ಪೂರ್ಣಾವಧಿ ಕೆಲಸ ಮಾಡಿರಬೇಕು, ಅಷ್ಟೆ. ಆ ವರ್ಷ ವಿಶೇಷ ಜ್ಞಾನದ ಕೆಲಸದಲ್ಲಿ, ಅಂದರೆ ಕಂಪನಿಯದೇ ಉತ್ಪನ್ನ, ವಿಧಾನಗಳ ಆಳವಾದ ತಿಳಿವಳಿಕೆ ಬೇಡುವ ಕೆಲಸದಲ್ಲಿ ಕಳೆದಿದ್ದರೂ ನಡೆಯುತ್ತದೆ. ನಿಮಗೆ ಐದು ವರ್ಷ ಆಗಿದೆ, ಚಿಂತೆಯಿಲ್ಲ. ಹೊಸದಾಗಿ ಸೇರಿದವರು ಮಾತ್ರ ಬಿ-1 (ಅಲ್ಪಾವಧಿಯ ವ್ಯವಹಾರ ಭೇಟಿಯ ವೀಸಾ) ಮೇಲೆ ಅಮೆರಿಕಕ್ಕೆ ಮಾಡಿದ ಪ್ರವಾಸದ ದಿನಗಳನ್ನು ಗಮನಿಸಬೇಕು. ಅವುಗಳಿಂದ ಸತತ ಸೇವೆ ತುಂಡಾಗುವುದಿಲ್ಲ, ಆದರೆ ಅವು ಲೆಕ್ಕಕ್ಕೂ ಬರುವುದಿಲ್ಲ. 40 ದಿನ ಅಲ್ಲಿದ್ದು ಬಂದಿದ್ದರೆ ವರ್ಷದ ಮೇಲೆ ಇನ್ನೂ 40 ದಿನ ಇಲ್ಲಿ ದುಡಿಯಬೇಕು.

ಇನ್ನು ಈ ಪ್ರಶ್ನೆಯ ಹಿಂದಿರುವ ನಂಬಿಕೆಗೆ ಬರೋಣ. ಎಷ್ಟು ಸಲ ಬಿಡಿಸಿ ಹೇಳಿದರೂ ಇದು ಹೋಗುತ್ತಿಲ್ಲ: ಎಚ್‌ಆರ್ ಪತ್ರದಲ್ಲಿ ‘ಮ್ಯಾನೇಜರ್’ ಅಂತಿದ್ದರೆ ಎಲ್-1ಎ, ‘ಲೀಡ್’ ಅಂತಿದ್ದರೆ ಎಲ್-1ಬಿ (ವಿಶೇಷ ಜ್ಞಾನದವರ ವೀಸಾ). ತಪ್ಪು. ಹುದ್ದೆಯ ಹೆಸರಿನಿಂದ ಏನೂ ನಿರ್ಧಾರವಾಗುವುದಿಲ್ಲ. ಅಧಿಕಾರಿ ನೋಡುವುದು ನೀವು ಅಲ್ಲಿಗೆ ಹೋಗಿ ಮಾಡಲಿರುವ ಕೆಲಸವನ್ನು. ಒಂದು ವಿಭಾಗ ನಿಮ್ಮ ಕೈಯಲ್ಲಿರುತ್ತದೆಯೇ? ಮೇಲ್ವಿಚಾರಕರು ಅಥವಾ ವೃತ್ತಿಪರರು ನಿಮ್ಮ ಕೆಳಗೆ ಕೆಲಸ ಮಾಡುತ್ತಾರೆಯೇ? ಅವರನ್ನು ನೇಮಿಸುವ, ತೆಗೆಯುವ, ಕೊನೇಪಕ್ಷ ಶಿಫಾರಸು ಮಾಡುವ ಅಧಿಕಾರ ಇದೆಯೇ? ದಿನನಿತ್ಯದ ವ್ಯವಹಾರದಲ್ಲಿ ತೀರ್ಮಾನ ನಿಮ್ಮದೇ?

ಅರ್ಜಿ ಎಡವುವುದು ಕಂಪನಿಯ ಪತ್ರದಲ್ಲಿ. ಕೆಲಸದ ಸಮಯವನ್ನು ಹೀಗೆ ಹಂಚಿರುತ್ತಾರೆ: ಡಿಸೈನ್ 30%, ಕೋಡ್ ರಿವ್ಯೂ 25%, ಪ್ರೊಡಕ್ಷನ್ ಸಮಸ್ಯೆ 15%, ಕ್ಲೈಂಟ್ ಕಾಲ್ 10%, ತಂಡದ ಉಸ್ತುವಾರಿ 20%. ಓದಿದವರಿಗೆ ಕಾಣುವುದು ಒಳ್ಳೆಯ ಎಂಜಿನಿಯರ್, ಮ್ಯಾನೇಜರ್ ಅಲ್ಲ. ಕೆಲಸ ಮಾಡಿಸುವುದೇ ಮುಖ್ಯವಾಗಿರಬೇಕು, ತಾನೇ ಮಾಡುವುದಲ್ಲ. ನೇಮಕ, ಅಪ್ರೈಸಲ್, ಬಜೆಟ್, ಯಾವುದು ಮೊದಲು ಯಾವುದು ಆಮೇಲೆ ಎಂಬ ತೀರ್ಮಾನ, ಇವುಗಳೇ ದಿನದ ಬಹುಪಾಲನ್ನು ತುಂಬಬೇಕು. ಪದ ಬದಲಿಸಿ ಬರೆದರೆ ಪ್ರಯೋಜನವಿಲ್ಲ, ಕೆಲಸವೇ ಹಾಗಿರಬೇಕು. ಸಂದರ್ಶನದಲ್ಲಿ ನಿಮ್ಮ ಕೈಕೆಳಗೆ ಯಾರು, ಅವರ ರೇಟಿಂಗ್ ಯಾರು ಕೊಡುತ್ತಾರೆ ಎಂದು ಕೇಳಿದರೆ ಪತ್ರದಲ್ಲಿರುವುದೇ ನಿಮ್ಮ ಬಾಯಿಂದಲೂ ಬರಬೇಕು.

ಇದೇ ನಂಬಿಕೆಯ ಇನ್ನೊಂದು ಮುಖ: ಕೆಳಗೆ ಇನ್ನೊಬ್ಬ ಮ್ಯಾನೇಜರ್ ಇಲ್ಲದಿದ್ದರೆ ಆಗುವುದಿಲ್ಲ ಎನ್ನುವುದು. ಅದೂ ಸರಿಯಲ್ಲ. ಪದವಿ ಬೇಡುವ ಹುದ್ದೆಯಲ್ಲಿರುವ ಎಂಜಿನಿಯರ್‌ಗಳು ವೃತ್ತಿಪರರೇ. ಅಂಥ ಐವರ ನೇರ ಮೇಲ್ವಿಚಾರಣೆಯೂ ನಡೆಯುತ್ತದೆ. ಆರ್ಗ್ ಚಾರ್ಟ್‌ನಲ್ಲಿ ಒಬ್ಬೊಬ್ಬರ ಹುದ್ದೆ, ಅದಕ್ಕೆ ಬೇಕಾದ ಪದವಿ, ಕೆಲಸ ಮೂರನ್ನೂ ಬರೆಸಿ. ಜನರ ಬದಲು ಕಂಪನಿಗೆ ಅತ್ಯಗತ್ಯವಾದ ಒಂದು ಕಾರ್ಯವನ್ನು ಉನ್ನತ ಮಟ್ಟದಲ್ಲಿ ನಿಭಾಯಿಸುವವರಿಗೂ ಅವಕಾಶವಿದೆ. ಅಂಥವರ ತಂಡ ಬೆಂಗಳೂರಿನಲ್ಲೇ ಉಳಿದರೂ ಪರವಾಗಿಲ್ಲ: ವಿದೇಶದ ಸಿಬ್ಬಂದಿ ಕೊಡುವ ನೆರವನ್ನೂ ಪರಿಗಣಿಸಬೇಕೆಂದು ಅಮೆರಿಕದ ವಲಸೆ ಇಲಾಖೆ 2016ರಲ್ಲಿ ಅಂಗೀಕರಿಸಿದ ತೀರ್ಪೊಂದು ಹೇಳುತ್ತದೆ.

ಎಲ್-1ಎಗೆ ಗರಿಷ್ಠ ಏಳು ವರ್ಷ, ಎಲ್-1ಬಿಗೆ ಐದು. ಎಲ್-1ಬಿ ಮೇಲೆ ಹೋಗಿ ಅಲ್ಲೇ ಮ್ಯಾನೇಜರ್ ಆದವರಿಗೆ ಏಳು ವರ್ಷ ಬೇಕಿದ್ದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಿ, ಅವರು ಆ ಹುದ್ದೆಯಲ್ಲಿ ಕನಿಷ್ಠ ಆರು ತಿಂಗಳು ಇದ್ದಿರಬೇಕು.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು, ಯಾಕೆಂದರೆ ಹೋದ ಮೇಲೆ ಗೊತ್ತಾದರೆ ಸರಿಪಡಿಸುವುದು ಬಹಳ ಕಷ್ಟ. ಎಲ್-1ಎ ಬಯಸುವ ಹಲವರ ಕಣ್ಣು ಬಹುರಾಷ್ಟ್ರೀಯ ಕಂಪನಿಗಳ ಮ್ಯಾನೇಜರ್, ಕಾರ್ಯನಿರ್ವಾಹಕರಿಗಿರುವ ಇಬಿ-1ಸಿ ಗ್ರೀನ್ ಕಾರ್ಡ್ ಮೇಲಿರುತ್ತದೆ. ಅದಕ್ಕೆ ಪರ್ಮ್ (ಆ ಕೆಲಸಕ್ಕೆ ಅಮೆರಿಕದಲ್ಲಿ ಅರ್ಹರು ಸಿಗುತ್ತಿಲ್ಲ ಎಂದು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಪಡೆಯುವ ಪ್ರಮಾಣಪತ್ರ) ಬೇಡ ನಿಜ, ಆದರೆ ನಿಯಮ ಬೇರೆ. ಅಮೆರಿಕಕ್ಕೆ ಹೋಗುವ ಮುಂಚಿನ ಮೂರು ವರ್ಷಗಳಲ್ಲಿ ಒಂದು ವರ್ಷ ಹೊರಗಡೆ ಮ್ಯಾನೇಜರ್ ಅಥವಾ ಕಾರ್ಯನಿರ್ವಾಹಕ ಕೆಲಸವನ್ನೇ ಮಾಡಿರಬೇಕು. ವಿಶೇಷ ಜ್ಞಾನದ ವರ್ಷ ಇಲ್ಲಿ ಸಾಲದು. ಏಪ್ರಿಲ್‌ನಲ್ಲಿ ಪ್ರಮೋಷನ್ ಪಡೆದು ಆಗಸ್ಟ್‌ನಲ್ಲಿ ವಿಮಾನ ಹತ್ತಿದರೆ ಕೈಯಲ್ಲಿರುವುದು ನಾಲ್ಕೇ ತಿಂಗಳು. ಆದರೆ ಹೆಸರಿಗೆ ಬೆಲೆಯಿಲ್ಲ ಎನ್ನುವ ನಿಯಮ ಇಲ್ಲಿ ನಿಮ್ಮ ಪರವಾಗಿಯೂ ನಿಲ್ಲುತ್ತದೆ. ಲೀಡ್ ಆಗಿದ್ದಾಗಲೇ ಮುಖ್ಯವಾಗಿ ನೇಮಕ, ಅಪ್ರೈಸಲ್, ಬಜೆಟ್ ನೋಡಿಕೊಂಡಿದ್ದರೆ ಆ ತಿಂಗಳುಗಳನ್ನೂ ಸೇರಿಸಬಹುದು. ಆಗಿನ ಆರ್ಗ್ ಚಾರ್ಟ್, ನೀವು ಸಹಿ ಹಾಕಿದ ಅಪ್ರೈಸಲ್‌ಗಳು, ಇಂಟರ್‌ವ್ಯೂ ಪ್ಯಾನೆಲ್‌ನ ಮೇಲ್‌ಗಳ ಪ್ರತಿಗಳನ್ನು ಕಂಪನಿಯ ಅನುಮತಿ ಪಡೆದು ಈಗಲೇ ಎಚ್‌ಆರ್‌ನಿಂದ ತೆಗೆಸಿಟ್ಟುಕೊಳ್ಳಿ.