ಕಡಲಿಗೆ ಮುಖ, ರೋಗಿಗೆ ಬೆನ್ನು

ಇಂಗ್ಲೆಂಡಿನ ಸೌತಾಂಪ್ಟನ್ ಬಳಿ ನೆಟ್ಲಿ ಎಂಬಲ್ಲಿ ಕಾಲು ಮೈಲಿಯಷ್ಟು ಉದ್ದದ ಮಿಲಿಟರಿ ಆಸ್ಪತ್ರೆಯೊಂದಿತ್ತು. ಕ್ರಿಮಿಯಾ ಯುದ್ಧ ಮುಗಿದ 1856ರಲ್ಲಿ ವಿಕ್ಟೋರಿಯಾ ರಾಣಿ ಅಡಿಗಲ್ಲಿಟ್ಟದ್ದು, 1863ರಲ್ಲಿ ತೆರೆದದ್ದು. ಹಡಗಿನಿಂದ ನೋಡಿದರೆ ಅರಮನೆ. ಆದರೆ ಕಡಲ ಗಾಳಿ, ಬಿಸಿಲು ಎಲ್ಲ ಮುಂದಿನ ಮೊಗಸಾಲೆಗೇ. ಗಾಯಾಳುಗಳ ವಾರ್ಡುಗಳು ಹಿಂಬದಿಗೆ. ನಕ್ಷೆ ನೋಡಿ ಫ್ಲಾರೆನ್ಸ್ ನೈಟಿಂಗೇಲ್ ಸಿಡಿದೆದ್ದರು. ಕೆಲಸ ಶುರುವಾಗಿಬಿಟ್ಟಿದೆ ಎಂದು ಮೂಲ ನಕ್ಷೆಯನ್ನೇ ಉಳಿಸಿಕೊಂಡರು. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂಬ ಅವರ ನಂಬಿಕೆ ತಪ್ಪಿತ್ತು, ಕಿಟಕಿ ತೆರೆಯಿರಿ ಎಂಬ ಮಾತು ಸರಿಯಿತ್ತು!

1966ರಲ್ಲಿ ಅದನ್ನು ಕೆಡವಿದರು. ನಡುವಿನ ಪ್ರಾರ್ಥನಾಮಂದಿರವಷ್ಟೇ ಉಳಿಯಿತು. ದುರಸ್ತಿಯಾಗಿ 2018ರಲ್ಲಿ ಜನರಿಗೆ ತೆರೆಯಿತು. ನೈಟಿಂಗೇಲ್ ಹೇಳಿದಂತೆ, ಎರಡೂ ಕಡೆ ಕಿಟಕಿಯಿರುವ ಬಿಡಿಬಿಡಿ ವಾರ್ಡುಗಳಾಗಿ 1865ರಲ್ಲಿ ವುಲಿಚ್‌ನಲ್ಲಿ ಎದ್ದ ಮಿಲಿಟರಿ ಆಸ್ಪತ್ರೆಯಲ್ಲಿ ಈಗ ಜನ ಸಂಸಾರ ಮಾಡಿಕೊಂಡಿದ್ದಾರೆ.

ನೋಟಕ್ಕೋ ಗಟ್ಟಿತನಕ್ಕೋ ಮರುಳಾಗಿ ಗಾಳಿ ಕಳೆದುಕೊಳ್ಳುವುದರಲ್ಲಿ ನಾವೂ ಕಡಿಮೆಯಿಲ್ಲ. ಮಂಗಳೂರಿನ ನಮ್ಮ ಹಳೆಮನೆಯ ಮುರಕಲ್ಲಿನ ಗೋಡೆಗಿದ್ದ ಸುಣ್ಣದ ಗಾರೆ ಕೆರೆಸಿ, ಗಟ್ಟಿಯಾಗಲಿ ಅಂತ ಸಿಮೆಂಟ್ ಬಳಿಸಿದ್ದೆವು. ಮೂರು ಮಳೆಗಾಲ ಕಳೆದ ಮೇಲೆ ಹೊಸ ಮೇಸ್ತ್ರಿ ಬಂದು ಬೆರಳ ಗೆಣ್ಣಿನಿಂದ ಬಡಿದರು. ಪೊಳ್ಳು ಸದ್ದು. ಉಳಿ ತಾಗಿದ್ದೇ ಅಂಗೈಯಗಲದ ಹಕ್ಕಳೆ ಕಳಚಿತು. ಹಿಂದೆ ಬಿಳಿ ಪುಡಿ. ನಾಲಿಗೆಗೆ ಉಪ್ಪು.

"ಇದಕ್ಕೆ ಸಿಮೆಂಟ್ ಯಾಕೆ ಹಾಕಿದ್ದು ಮಾರಾಯ್ರೆ?"

ಮುರಕಲ್ಲು ತೂತುತೂತಿನ ಕಲ್ಲು. ಮಳೆಯನ್ನೂ ಕುಡಿಯುತ್ತದೆ, ನೆಲದ ತೇವವನ್ನೂ. ಸುಣ್ಣದ ಗಾರೆಯಲ್ಲಿ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಸಿಮೆಂಟ್ ಸುಲಭಕ್ಕೆ ಬಿಡುವುದಿಲ್ಲ. ನೀರಿನ ಜತೆ ಬಂದ ಉಪ್ಪು ಅದರ ಹಿಂದೆಯೇ ಹರಳುಗಟ್ಟಿ, ಹರಳು ಬೆಳೆದಂತೆ ಗಾರೆಯನ್ನು ನೂಕುತ್ತದೆ. ಕಲ್ಲೂ ಪುಡಿಯಾಗುತ್ತದೆ.

ಸುಣ್ಣದ ಕತೆಯೇ ಬೇರೆ. ಕಡಲ ಚಿಪ್ಪನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ, ಕಳೆದುಕೊಂಡ ಅದೇ ಅನಿಲವನ್ನು ಗಾಳಿಯಿಂದ ಹೀರಿ ಮತ್ತೆ ಚಿಪ್ಪಿನ ವಸ್ತುವೇ ಆಗುತ್ತದೆ. ಇದಕ್ಕೆ ತಿಂಗಳುಗಟ್ಟಲೆ ಬೇಕು.

"ಈಗ ಕೆರೆಸಿ, ಹಾಗೇ ಬಿಡಿ. ಗೋಡೆ ಒಣಗದೆ ನಾನು ಕೈಹಾಕುವುದಿಲ್ಲ" ಎಂದು ಮೇಸ್ತ್ರಿ ಹೊರಟರು. ಆ ದೀಪಾವಳಿಗೆ ಕೆಂಪು ಕಲ್ಲು ಬಿಟ್ಟುಕೊಂಡು ನಿಂತ ಮನೆ ನೋಡಿದ ನೆಂಟರು, ಇವರ ಕೈಯಲ್ಲಿ ದುಡ್ಡು ಮುಗಿಯಿತೇನೋ ಅಂದುಕೊಂಡರು.