ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯ: ಲೈಸೆನ್ಸ್ ಬೇರೆ, ಗುರುಪಟ್ಟ ಬೇರೆ

ಈ ಅಧ್ಯಾಯಕ್ಕೆ ಬಂದರೆ ಎಲ್ಲರೂ ಇಸವಿಗಳನ್ನೇ ಉರುಹೊಡೆಯುತ್ತಾರೆ: 1200, 1213, 1215, 1219, 1231. ಎರಡು ದಿನ ಬಿಟ್ಟು ನೋಡಿದರೆ ಯಾವುದು ಯಾವುದಕ್ಕೆಂದು ಕಲಸಿಹೋಗಿರುತ್ತದೆ. ಒಂದು ಸಂಗತಿ ಗಟ್ಟಿಯಾದರೆ ಇವುಗಳಲ್ಲಿ ಬಹುಪಾಲು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ. ಅಂದು ಓದು ಮುಗಿಸಿದವನು ಗುರುವಾಗಿ ಪಾಠ ಹೇಳಲು ಎರಡು ಒಪ್ಪಿಗೆ ಬೇಕಿತ್ತು, ಆ ಎರಡೂ ಬೇರೆ ಬೇರೆಯವರ ಕೈಯಲ್ಲಿದ್ದವು. ಟಿಪ್ಪಣಿಯ ಬಹುಭಾಗ ಇದರ ಬಗ್ಗೆಯೇ.

ಗೊತ್ತಿರಬೇಕಾದಷ್ಟು

ಇಟಲಿಯ ಬೊಲೋನ್ಯಾ ಕಾನೂನಿಗೆ, ಪ್ಯಾರಿಸ್ ದೇವತಾಶಾಸ್ತ್ರ ಮತ್ತು ಕಲಾವಿಭಾಗಕ್ಕೆ ಹೆಸರುವಾಸಿ. ಮೊದಲನೆಯದರಲ್ಲಿ ಬಲ ವಿದ್ಯಾರ್ಥಿಗಳ ಸಂಘದ್ದು, ಎರಡನೆಯದರಲ್ಲಿ ಗುರುಗಳ ಸಂಘದ್ದು. ಬೊಲೋನ್ಯಾಕ್ಕೆ ಹೇಳುವ 1088 ಯಾವುದೇ ಸನ್ನದಿನ ವರ್ಷವಲ್ಲ, 19ನೇ ಶತಮಾನದಲ್ಲಿ ಎಂಟುನೂರನೇ ವರ್ಷದ ಆಚರಣೆಗೆಂದು ಗೊತ್ತುಮಾಡಿದ್ದು. ಹಾಗಾಗಿ ‘1088ರಲ್ಲಿ ಸ್ಥಾಪನೆಯಾಯಿತು’ ಎಂದು ಖಡಾಖಂಡಿತವಾಗಿ ಬರೆಯದಿರುವುದು ಒಳ್ಳೆಯದು.

ಆ ಎರಡು ಒಪ್ಪಿಗೆ

ಮೊದಲನೆಯದು ಪಾಠ ಹೇಳುವ ಲೈಸೆನ್ಸ್. ಇದನ್ನು ಕೊಡುವವನು ಚರ್ಚಿನ ಅಧಿಕಾರಿ. ಪ್ಯಾರಿಸ್‌ನಲ್ಲಿ ಬಿಷಪ್ಪನ ಪೀಠವಿರುವ ನೋತ್ರ್ ದಾಮ್ ಕೆಥೆಡ್ರಲ್‌ನ ಚಾನ್ಸಲರ್, ಬೊಲೋನ್ಯಾದಲ್ಲಿ 1219ರಿಂದ ಅಲ್ಲಿನ ಬಿಷಪ್ಪನ ಕೈಕೆಳಗಿನ ಹಿರಿಯ ಪಾದ್ರಿ, ಆರ್ಚ್‌ಡೀಕನ್. (ಇಂದಿನ ಕುಲಪತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಾನ್ಸಲರ್‌ನನ್ನು ಓದಬೇಡಿ. ಪ್ಯಾರಿಸ್‌ನಲ್ಲಿ ಅವನು ಬಿಷಪ್ಪನ ಕಡೆಯವನು, ಗುರುಗಳ ಸಂಘಕ್ಕೆ ಹೊರಗಿನವನು.) ಲೈಸೆನ್ಸಿಗೆ ಹಣ ಕೇಳಕೂಡದು, ಯೋಗ್ಯನಿಗೆ ಇಲ್ಲವೆನ್ನಕೂಡದು ಎಂದು 1179ರ ಮೂರನೇ ಲ್ಯಾಟರನ್ ಪರಿಷತ್ತು (ಚರ್ಚಿನ ಮಹಾಸಭೆ) ವಿಧಿಸಿತ್ತು.

ಎರಡನೆಯದು ಗುರುಗಳೇ ತಮ್ಮ ಸಂಘಕ್ಕೆ ಸೇರಿಸಿಕೊಳ್ಳುವುದು, ಅಂದರೆ ಇನ್ಸೆಪ್ಷನ್. ಹೊಸಬ ಹಿರಿಯ ಗುರುವಿನ ಸಮ್ಮುಖದಲ್ಲಿ ಟೋಪಿ ಧರಿಸಿ, ವಿಧಿಪೂರ್ವಕವಾಗಿ ತನ್ನ ಮೊದಲ ಪಾಠ ಹೇಳುತ್ತಾನೆ. ಇದರಲ್ಲಿ ಚರ್ಚಿನ ಕೈವಾಡವಿಲ್ಲ.

ಎಡವುವುದು ಇಲ್ಲೇ: ‘ಲೈಸೆನ್ಸ್ ಸಿಕ್ಕ ಮೇಲೆ ಇನ್ನೇನು ಬಾಕಿ?’ ಬಾಕಿ ಇದೆ. ಚಾನ್ಸಲರ್ ತನಗೆ ಬೇಕಾದವನಿಗೆ ಲೈಸೆನ್ಸ್ ಕೊಟ್ಟರೂ, ಗುರುಗಳು ಅವನನ್ನು ಸೇರಿಸಿಕೊಳ್ಳದಿದ್ದರೆ ಅವನು ಸಂಘದ ಗುರುವಲ್ಲ. ಗುರುಗಳು ಮೆಚ್ಚಿದವನಿಗೆ ಚಾನ್ಸಲರ್ ಲೈಸೆನ್ಸ್ ತಡೆದರೂ ಕೆಲಸ ಕೆಟ್ಟಿತು. ಒಬ್ಬರು ಇನ್ನೊಬ್ಬರ ದಾರಿ ಮುಚ್ಚಬಹುದಾಗಿತ್ತು. ಪ್ಯಾರಿಸ್‌ನ ಜಗಳಗಳ ಬೇರು ಇಲ್ಲಿದೆ. ಅಲ್ಲಿ ಗುರುಗಳಿಗೆ ಒಂದು ಅಡ್ಡದಾರಿಯೂ ಇತ್ತು: ಸೇನ್ ನದಿ ದಾಟಿ ಎಡದಂಡೆಗೆ ಹೋದರೆ ಸಾಂತ್ ಜೆನೆವಿಯೆವ್ ಮಠದ ವ್ಯಾಪ್ತಿ, ಅಲ್ಲಿಂದಲೂ ಲೈಸೆನ್ಸ್ ಪಡೆಯಬಹುದಿತ್ತು.

ಬೊಲೋನ್ಯಾದ ಪರೀಕ್ಷೆ

‘ಬೊಲೋನ್ಯಾದಲ್ಲಿ ಎಲ್ಲವೂ ವಿದ್ಯಾರ್ಥಿಗಳ ಕೈಯಲ್ಲಿತ್ತು’ ಎಂದು ಬರೆದರೆ ಅರ್ಧ ಸರಿ. ಪ್ರಾಧ್ಯಾಪಕರ ದಿನನಿತ್ಯದ ಕೆಲಸ ಅವರ ಹಿಡಿತದಲ್ಲಿತ್ತು, ನಿಜ. ರಜೆ ಕೇಳದೆ ಒಂದು ದಿನ ತಪ್ಪಿಸಿದರೂ ದಂಡ. ಗಂಟೆ ಹೊಡೆದೊಡನೆ ಪಾಠ ಶುರುವಾಗಬೇಕು, ಮುಂದಿನ ಗಂಟೆಗೆ ಮುಗಿಯಬೇಕು. ನಿಗದಿತ ಪಾಠಕ್ಕೆ 5 ವಿದ್ಯಾರ್ಥಿಗಳೂ ಸೇರದಿದ್ದರೆ ಪ್ರಾಧ್ಯಾಪಕ ಗೈರುಹಾಜರಾದಂತೆಯೇ ಲೆಕ್ಕ. ಪಠ್ಯವನ್ನು ಭಾಗಗಳಾಗಿ ಒಡೆದು, ಯಾವ ಭಾಗ ಯಾವ ದಿನಕ್ಕೆ ಮುಗಿಯಬೇಕೆಂದೂ ಗೊತ್ತುಮಾಡಿರುತ್ತಿದ್ದರು. ಕಷ್ಟದ ಭಾಗ ಹಾರಿಸಿ ಮುಂದಕ್ಕೆ ಹೋಗುವವರಿಗೆ ಇದು ಕಡಿವಾಣ.

ಆದರೆ ಪರೀಕ್ಷೆಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲಿಲ್ಲ. ಅದು ಡಾಕ್ಟರುಗಳ ಕಾಲೇಜಿನ, ಅಂದರೆ ಕಾನೂನು ಗುರುಗಳ ಸಂಘದ, ಹಕ್ಕಾಗಿಯೇ ಉಳಿಯಿತು. ಅಭ್ಯರ್ಥಿಗೆ ಬೆಳಿಗ್ಗೆ ಪೂಜೆಯ ನಂತರ ಕಾನೂನು ಗ್ರಂಥದ ಎರಡು ಭಾಗ ಕೊಡುತ್ತಾರೆ. ಅವನು ಮನೆಗೆ ಹೋಗಿ ಸಿದ್ಧನಾಗಿ ಬಂದು ಡಾಕ್ಟರುಗಳ ಮುಂದೆ ವ್ಯಾಖ್ಯಾನಿಸಬೇಕು, ಪ್ರಶ್ನೆಗಳಿಗೆ ಉತ್ತರಿಸಬೇಕು. ಬಳಿಕ ಮತದಾನ. ಬಹುಮತ ಸಿಕ್ಕರೆ ಅವನು ಲೈಸೆನ್ಸಿಯೇಟ್, ಅಂದರೆ ಲೈಸೆನ್ಸಿಗೆ ಅರ್ಹನಾದವನು. ನಿಜವಾದ ಪರೀಕ್ಷೆ ಇದೇ. ಮುಂದೆ ಕೆಥೆಡ್ರಲ್‌ನಲ್ಲಿ ನಡೆಯುವ ಸಾರ್ವಜನಿಕ ಸಮಾರಂಭದಲ್ಲಿ ಅವನು ಭಾಷಣ ಮಾಡಿ, ಒಂದು ಕಾನೂನು ಅಂಶ ಮಂಡಿಸಿ, ವಿದ್ಯಾರ್ಥಿಗಳ ಆಕ್ಷೇಪಗಳಿಗೆ ಉತ್ತರ ಕೊಡುತ್ತಾನೆ. ಆಗ ಪೀಠ, ತೆರೆದ ಪುಸ್ತಕ, ಚಿನ್ನದ ಉಂಗುರ, ಟೋಪಿ. ಉಡುಗೊರೆ, ಮೆರವಣಿಗೆ, ಔತಣ ಎಂದು ಖರ್ಚು ಕೈಮೀರುತ್ತಿದ್ದುದರಿಂದ ಅನೇಕರು ಲೈಸೆನ್ಸಿಯೇಟ್ ಹಂತದಲ್ಲೇ ನಿಂತುಬಿಡುತ್ತಿದ್ದರು. ಎರಡು ಹಂತ ಬೇರೆಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಸವಿಗಳಿಗೆ ಸುಲಭದಾರಿ

ಪ್ರತಿ ಇಸವಿಯ ಮುಂದೆ ಕೇಳಿಕೊಳ್ಳಿ: ಈ ಸಲ ಲೈಸೆನ್ಸ್ ಕೊಡುವವನ ಕೈ ಮೇಲಾಯಿತೋ, ಗುರುಗಳದ್ದೋ?

1213: ಒಂದು ವಿಭಾಗದ ಬಹುಮತದ ಗುರುಗಳು ಯೋಗ್ಯನೆಂದವನಿಗೆ ಪ್ಯಾರಿಸ್‌ನ ಚಾನ್ಸಲರ್ ಲೈಸೆನ್ಸ್ ಕೊಡಲೇಬೇಕು. ಗುರುಗಳ ಕೈ ಮೇಲು.

1215: ಪೋಪನ ಪ್ರತಿನಿಧಿ ರಾಬರ್ಟ್ ದ ಕೂರ್ಸೋನ್‌ನ ನಿಯಮಗಳು. ಕಲಾವಿಭಾಗದಲ್ಲಿ ಪಾಠ ಹೇಳಲು ಕನಿಷ್ಠ 21 ವರ್ಷ ವಯಸ್ಸು, 6 ವರ್ಷದ ಓದು. ದೇವತಾಶಾಸ್ತ್ರಕ್ಕೆ 35 ವರ್ಷ ವಯಸ್ಸು. ಯೋಗ್ಯತೆಯ ಅಳತೆ ಕಾಗದಕ್ಕೆ ಬಂದ ಮೇಲೆ ಚಾನ್ಸಲರ್‌ನ ಮನಸೋಇಚ್ಛೆಗೆ ಜಾಗ ಕಡಿಮೆ.

1219: ಬೊಲೋನ್ಯಾದಲ್ಲಿ ಮಾತ್ರ ಗಾಳಿ ಎದುರು ದಿಕ್ಕಿಗೆ. ಅದುವರೆಗೆ ಡಾಕ್ಟರುಗಳೇ ನಡೆಸಿಕೊಂಡು ಬಂದಿದ್ದ ವ್ಯವಸ್ಥೆಯಲ್ಲಿ ಆರ್ಚ್‌ಡೀಕನ್‌ನ ಒಪ್ಪಿಗೆ ಕಡ್ಡಾಯವೆಂದು ಪೋಪ್ ಮೂರನೇ ಹೊನೋರಿಯಸ್ ಆದೇಶಿಸಿದ.

1229–1231: ಪ್ಯಾರಿಸ್‌ನಲ್ಲಿ ಹೆಂಡದಂಗಡಿಯ ಗಲಾಟೆಯೊಂದು ಬೆಳೆದು ವಿದ್ಯಾರ್ಥಿಗಳ ಸಾವಾಯಿತು. ಗುರುಗಳು ಪಾಠ ನಿಲ್ಲಿಸಿ ಊರು ಬಿಟ್ಟರು. ಸ್ವಂತ ಕಟ್ಟಡವಿಲ್ಲದ ಸಂಸ್ಥೆಗೆ ಗಂಟುಮೂಟೆ ಕಟ್ಟುವುದು ಸುಲಭ, ಅದೇ ಅದರ ದೊಡ್ಡ ಆಯುಧ. 1231ರ ಆಜ್ಞೆಯಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಪಾಠ ನಿಲ್ಲಿಸುವ ಹಕ್ಕನ್ನು ಮಾನ್ಯಮಾಡಿದ, ಲೈಸೆನ್ಸ್ ವಿಷಯದಲ್ಲಿ ಚಾನ್ಸಲರ್‌ನನ್ನು ಪ್ರಮಾಣದಿಂದ ಕಟ್ಟಿಹಾಕಿದ.

1200 ಈ ಸೂತ್ರಕ್ಕೆ ಒಗ್ಗುವುದಿಲ್ಲ, ಬಲವಂತವಾಗಿ ತುರುಕಬೇಡಿ. ಅಂದು ಫ್ರಾನ್ಸಿನ ದೊರೆ ಎರಡನೇ ಫಿಲಿಪ್ ಕೊಟ್ಟದ್ದು ನಗರದ ಅಧಿಕಾರಿಗಳಿಂದ ವಿದ್ಯಾರ್ಥಿಗಳಿಗೆ ರಕ್ಷಣೆ, ಚರ್ಚಿನ ನ್ಯಾಯಾಲಯದಲ್ಲಿ ವಿಚಾರಣೆಯ ಸವಲತ್ತು.

ಆಕ್ಸ್‌ಫರ್ಡ್ ಏಕೆ ಬೇರೆ

ಆ ಊರಿನ ಮೇಲೆ ಅಧಿಕಾರವಿದ್ದ ಬಿಷಪ್ ಇದ್ದದ್ದು ಲಿಂಕನ್‌ನಲ್ಲಿ, ನೂರು ಮೈಲಿಗೂ ಆಚೆ. ಊರಿನಲ್ಲಿ ಕೆಥೆಡ್ರಲ್ ಇರಲಿಲ್ಲ. ಹೀಗಾಗಿ ಅಲ್ಲಿನ ಚಾನ್ಸಲರ್ ಬರಬರುತ್ತಾ ಗುರುಗಳ ಕಡೆಯವನೇ ಆದ, ಎರಡೂ ಒಪ್ಪಿಗೆ ಒಂದೇ ಬಳಗದಲ್ಲಿ ಸೇರಿಕೊಂಡವು. ‘ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್ ಹೋಲಿಸಿ’ ಎಂದು ಕೇಳಿದರೆ ಇಲ್ಲಿಂದ ಶುರುಮಾಡಿ. 1209ರಲ್ಲಿ ಆಕ್ಸ್‌ಫರ್ಡಿನ ಕೆಲವರು ಕೇಂಬ್ರಿಜ್‌ಗೆ ವಲಸೆ ಹೋದದ್ದನ್ನು ಆಮೇಲೆ ಸೇರಿಸಿದರಾಯಿತು.

ಎಲ್ಲೆಡೆ ಪಾಠ ಹೇಳುವ ಹಕ್ಕು

ದಕ್ಷಿಣ ಫ್ರಾನ್ಸಿನಲ್ಲಿ ಹೊಸದಾಗಿ ಶುರುವಾಗಿದ್ದ ಟುಲೂಸ್‌ ವಿಶ್ವವಿದ್ಯಾಲಯದಲ್ಲಿ ಪಾಸಾದವನು ಇನ್ನೊಂದು ಪರೀಕ್ಷೆಯಿಲ್ಲದೆ ಎಲ್ಲಿ ಬೇಕಾದರೂ ಪಾಠ ಹೇಳಬಹುದೆಂದು 1233ರಲ್ಲಿ ಪೋಪ್ ಬರೆದುಕೊಟ್ಟ. ಹಳೆಯ ಬೊಲೋನ್ಯಾ, ಪ್ಯಾರಿಸ್‌ಗಳಿಗೆ ಅದೇ ಹಕ್ಕು ಕಾಗದದ ಮೇಲೆ ಬಂದದ್ದು 1291, 1292ರಲ್ಲಿ. ಇಸವಿ ಹಿಂದುಮುಂದಾಗಿದೆ ಎಂದು ಗಾಬರಿಬೇಡ: ಹಳೆಯವುಗಳ ಹೆಸರೇ ಸಾಕಾಗಿತ್ತು, ಹೊಸದಕ್ಕೆ ಸನ್ನದು ಬೇಕಿತ್ತು. ಈ ಹಕ್ಕು ಲೈಸೆನ್ಸಿಗೆ ಮಾತ್ರ ಸಂಬಂಧಿಸಿದ್ದು. ಹೊರಗಿನಿಂದ ಬಂದವನನ್ನು ತಮ್ಮ ಸಂಘಕ್ಕೆ ಸೇರಿಸಿಕೊಳ್ಳುವ ತೀರ್ಮಾನವನ್ನು ಊರಿನ ಗುರುಗಳು ಬಿಟ್ಟುಕೊಡಲಿಲ್ಲ. ಅದಕ್ಕೇ ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್ ಒಂದರ ಪದವಿಯನ್ನು ಇನ್ನೊಂದು ಮರುಪರೀಕ್ಷೆಯಿಲ್ಲದೆ ಒಪ್ಪಲು ಹಿಂಜರಿಯುತ್ತಿದ್ದವು.